ಮಾತ್ರೆಗೂ ಮೊದಲು ಕೊಡಬೇಕಾದದ್ದು

ಮಾನ್ಯ ಸಂಪಾದಕರೇ,

ಹಾಸನಾಂಬೆಯ ಗುಡಿಯ ಬಾಗಿಲು ತೆರೆಯುವ ದಿನ ಹತ್ತಿರ ಬಂತೆಂದರೆ ನಮ್ಮ ಕಡೆಯ ಔಷಧಿ ಅಂಗಡಿಗಳಲ್ಲಿ ಮೆಲುದನಿಯ ಒಂದು ಕೋರಿಕೆ ಹೆಚ್ಚುತ್ತದೆ: “ಮುಟ್ಟು ಮುಂದಕ್ಕೆ ಹೋಗೋ ಮಾತ್ರೆ ಕೊಡಿ.” ಸಕಲೇಶಪುರ ತಾಲ್ಲೂಕಿನಲ್ಲಿ ಆರೋಗ್ಯ ಸಹಾಯಕಿಯಾಗಿ ಮೂವತ್ತು ವರ್ಷ ಮನೆ ಮನೆ ತಿರುಗಿ ನಿವೃತ್ತಳಾದ ನನ್ನ ಬಳಿಗೂ ನೆರೆಹೊರೆಯ ಹೆಣ್ಣುಮಕ್ಕಳು ಆ ಮಾತ್ರೆಯ ಹೆಸರು ಕೇಳಿಕೊಂಡು ಬರುತ್ತಾರೆ. ಅದು ಹಾರ್ಮೋನಿನ ಮಾತ್ರೆ, ರಕ್ತ ಹೆಪ್ಪುಗಟ್ಟುವ ತೊಂದರೆಯೋ ಲಿವರ್ ಕಾಯಿಲೆಯೋ ಇದ್ದವರಿಗೆ ಆಗಿಬರುವುದಿಲ್ಲ, ವೈದ್ಯರು ಬರೆದುಕೊಡದೆ ನುಂಗಬೇಡಿ ಎಂದರೆ ಅವರ ಮುಖ ಸಪ್ಪಗಾಗುತ್ತದೆ. ದೇವಿಯ ದರ್ಶನಕ್ಕೆ ಹೋಗುವವರ ಭಕ್ತಿಯ ಬಗ್ಗೆ ನನ್ನದು ಎರಡು ಮಾತಿಲ್ಲ. ಆದರೆ ಕಾಯಿಲೆಯೇ ಅಲ್ಲದ ಮುಟ್ಟಿಗೆ ಮಾತ್ರೆ ಹುಡುಕುವ ನಾವು, ಮೈಯನ್ನು ನಿಜಕ್ಕೂ ಸವೆಸುವ ರಕ್ತಹೀನತೆ, ಸೊಂಟನೋವು, ಮೂತ್ರ ಸೋರುವಿಕೆಗಳಿಗೆ ಮಾತ್ರ “ಹೆಂಗಸಾಗಿ ಹುಟ್ಟಿದ ಮೇಲೆ ಇದ್ದದ್ದೇ” ಎಂದು ಸುಮ್ಮನಾಗಿಬಿಡುತ್ತೇವೆ.

ಔಷಧಿಯಿಲ್ಲದೆ ಹೆಣ್ಣಿನ ಆರೋಗ್ಯ ನೋಡಿಕೊಳ್ಳುವ ದಾರಿಗಳ ಬಗ್ಗೆ ಈಗ ಎಲ್ಲೆಲ್ಲೂ ಉಪನ್ಯಾಸಗಳಾಗುತ್ತಿವೆ. ಒಳ್ಳೆಯದೇ. ಆದರೆ ಬಂದವರು ಆಹಾರ, ವ್ಯಾಯಾಮ, ವಿಶ್ರಾಂತಿ ಎಂದು ಮೂರು ಮಾತು ಹೇಳಿ ವೇದಿಕೆ ಇಳಿಯುತ್ತಾರೆ. ಆ ಮೂರಕ್ಕೂ ಬೇಕಾದ ಬಿಡುವು, ನೀರು ಮತ್ತು ಮರೆ ಅವಳ ಕೈಯಲ್ಲಿಲ್ಲ, ಅವನ್ನು ಮನೆಯವರೂ ತೋಟದವರೂ ಕೊಡಬೇಕು ಎಂಬ ಮಾತನ್ನು ಯಾರೂ ಆಡುವುದಿಲ್ಲ. ಈ ಪತ್ರ ಬರೆಯುತ್ತಿರುವುದು ಅದಕ್ಕೇ.

ಕಾಫಿ ಹಣ್ಣು ಕೊಯ್ಯುವ ಕಾಲದಲ್ಲಿ ಯಾವ ತೋಟದೊಳಗಾದರೂ ಹೋಗಿ ನೋಡಿ. ಸೊಂಟಕ್ಕೆ ಚೀಲ ಕಟ್ಟಿಕೊಂಡು ಬೆಳಿಗ್ಗೆ ಇಳಿಜಾರಿನಲ್ಲಿ ನಿಂತ ಹೆಂಗಸರು, ಸಂಜೆ ಕೊಯ್ದದ್ದನ್ನು ತೂಗುವವರೆಗೂ, ಬುತ್ತಿ ಉಣ್ಣುವ ಅರ್ಧ ಗಂಟೆ ಬಿಟ್ಟರೆ, ನಿಂತೇ ಇರುತ್ತಾರೆ. ನಾನು ಬಲ್ಲ ಒಬ್ಬಾಕೆ ಬುತ್ತಿಯೊಂದಿಗೆ ತಂದ ಲೀಟರ್ ಬಾಟಲಿಯ ನೀರನ್ನು ಸಂಜೆ ಮುಕ್ಕಾಲುಪಾಲು ಹಾಗೆಯೇ ಲೈನ್ ಮನೆಗೆ ವಾಪಸ್ಸು ಒಯ್ಯುತ್ತಿದ್ದಳು. ಬಾಯಾರಿಕೆಯಾಗದೆ ಅಲ್ಲ, ಕುಡಿದ ಮೇಲೆ ಹೋಗುವುದೆಲ್ಲಿಗೆ ಎಂಬ ಚಿಂತೆಯಿಂದ. ಗಿಡದ ಮರೆಗೆ ಹೋಗೋಣವೆಂದರೆ ಆಚೆ ಸಾಲಿನಲ್ಲಿ ಗಂಡಾಳುಗಳು, ಈಚೆಗಂತೂ ಆನೆಯ ಭಯ ಬೇರೆ. ವರ್ಷಕ್ಕೆ ಮೂರು ನಾಲ್ಕು ಸಲ ಉರಿಮೂತ್ರವೆಂದು ಬಂದು ಮಾತ್ರೆ ಒಯ್ಯುತ್ತಿದ್ದಳು. ಮಾತ್ರೆ ಮುಗಿದು ತಿಂಗಳು ಕಳೆಯುವುದರೊಳಗೆ ಮತ್ತೆ ಅದೇ ಉರಿ. ಪದೇ ಪದೇ ಈ ಸೋಂಕಿಗೆ ತುತ್ತಾಗುವ, ನೀರು ಕಡಿಮೆ ಕುಡಿಯುವ ಹೆಂಗಸರು ದಿನಕ್ಕೆ ಒಂದೂವರೆ ಲೀಟರು ಹೆಚ್ಚು ಕುಡಿದರೆ ಅದು ಮರುಕಳಿಸುವುದು ಗಣನೀಯವಾಗಿ ತಗ್ಗುತ್ತದೆ ಎಂಬುದು ಅಧ್ಯಯನದಲ್ಲಿ ಕಂಡುಬಂದ ಸಂಗತಿ. ಆ ಒಂದೂವರೆ ಲೀಟರು ಕುಡಿ ಎಂದು ಅವಳಿಗೆ ಹೇಳುವ ಮುಖ ಮಾತ್ರ ನನಗಿರಲಿಲ್ಲ. ತೋಟಗಳಲ್ಲಿ ಕುಡಿಯುವ ನೀರು, ಹೆಣ್ಣಾಳಿಗೂ ಗಂಡಾಳಿಗೂ ಬೇರೆ ಬೇರೆ ಶೌಚಾಲಯ ಇರಬೇಕೆಂದು ಪ್ಲಾಂಟೇಷನ್ ಕಾರ್ಮಿಕರ ಕಾಯ್ದೆ 1951ರಲ್ಲೇ ಹೇಳಿತ್ತು. ತಿಂಗಳಿಗೊಂದರಂತೆ ವರ್ಷಕ್ಕೆ 12 ದಿನಗಳ ಸಂಬಳಸಹಿತ ಮುಟ್ಟಿನ ರಜೆಗೆ ರಾಜ್ಯ ಸಚಿವ ಸಂಪುಟ 2025ರ ಅಕ್ಟೋಬರಿನಲ್ಲಿ ಒಪ್ಪಿಗೆ ಕೊಟ್ಟಾಗ ನಾನೂ ಸಂತೋಷಪಟ್ಟವಳೇ. ಆದರೆ ಕೊಯ್ದ ಕಿಲೋ ಲೆಕ್ಕದಲ್ಲಿ ಕೂಲಿ ಎಣಿಸಿಕೊಳ್ಳುವ, ಹಾಜರಿ ಪುಸ್ತಕದಲ್ಲಿ ಹೆಸರೇ ಇಲ್ಲದ ಆಳಿಗೆ ಆ ರಜೆ ಯಾವ ದಾರಿಯಲ್ಲಿ ತಲುಪೀತು ಎಂಬುದು ನನಗೆ ಇನ್ನೂ ಹೊಳೆದಿಲ್ಲ.

ಇನ್ನು ರಕ್ತದ ಮಾತು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಶೇ 47.8ರಷ್ಟು ಮಂದಿಗೆ ರಕ್ತಹೀನತೆ ಇದೆ. ನಮ್ಮದು ಅರ್ಧ ರಾಗಿಯ, ಅರ್ಧ ಅಕ್ಕಿಯ ಜಿಲ್ಲೆ. ಅರಸೀಕೆರೆ, ಚನ್ನರಾಯಪಟ್ಟಣದ ಕಡೆ ಮುದ್ದೆ, ನಮ್ಮ ಮಲೆನಾಡಿನ ಕಡೆ ರೊಟ್ಟಿ, ಕಡುಬು. ಎರಡೂ ಕಡೆ ನುಗ್ಗೆ, ಹೊನಗೊನ್ನೆ, ಹುರುಳಿ, ಹುಚ್ಚೆಳ್ಳಿಗೆ ಬರವಿಲ್ಲ. ಹಾಗಿದ್ದೂ ರಕ್ತ ಯಾಕೆ ಏರುವುದಿಲ್ಲ ಎಂಬುದಕ್ಕೆ ಒಂದು ಕಾರಣ ನಮ್ಮ ಕಣ್ಣೆದುರಿಗೇ ಲೋಟದಲ್ಲಿ ಹೊಗೆಯಾಡುತ್ತಿರುತ್ತದೆ. ರೊಟ್ಟಿಯ ಜೊತೆಗೇ ಬೆಲ್ಲದ ಕಾಫಿ ಗುಟುಕರಿಸುವುದು ನಮ್ಮಲ್ಲಿ ಹುಟ್ಟುಗುಣ. ಊಟದೊಂದಿಗೆ ಕುಡಿದ ಕಾಫಿ ಅಥವಾ ಟೀ, ಧಾನ್ಯ ಮತ್ತು ಸೊಪ್ಪಿನಲ್ಲಿರುವ ಕಬ್ಬಿಣದಂಶ ಮೈಗೆ ಹತ್ತದಂತೆ ಅಡ್ಡಗಟ್ಟುತ್ತದೆ; ಬೆಲ್ಲದಲ್ಲಿರುವ ಅಲ್ಪಸ್ವಲ್ಪ ಕಬ್ಬಿಣ ಆ ನಷ್ಟವನ್ನು ತುಂಬಿಕೊಡದು. ಕಾಫಿ ಸೀಮೆಯವಳಾಗಿ ಕಾಫಿ ಬಿಡಿ ಎನ್ನುವ ಧೈರ್ಯ ನನಗೂ ಇಲ್ಲ, ನಾನೂ ಬಿಟ್ಟಿಲ್ಲ. ಊಟಕ್ಕೂ ಕಾಫಿಗೂ ನಡುವೆ ಒಂದೆರಡು ಗಂಟೆ ಅಂತರವಿಟ್ಟು, ಉಣ್ಣುವಾಗ ನಿಂಬೆರಸವೋ ನೆಲ್ಲಿಕಾಯಿಯೋ ಒಂದು ಸೀಬೆಹಣ್ಣೋ ಜೊತೆಗಿದ್ದರೆ ಅದೇ ಸೊಪ್ಪಿನಿಂದ ಹೆಚ್ಚು ಕಬ್ಬಿಣ ಸಿಗುತ್ತದೆ. ಹಾಗೆಂದು ಗರ್ಭಿಣಿಯರು ಸೊಪ್ಪನ್ನು ನಂಬಿ ಕಬ್ಬಿಣದ ಮಾತ್ರೆ ನಿಲ್ಲಿಸಬಾರದು. ಬಸಿರಿನಲ್ಲಿ ಬೇಕಾಗುವಷ್ಟು ಕಬ್ಬಿಣ ತಟ್ಟೆಯಿಂದಷ್ಟೇ ಬರುವುದು ಕಷ್ಟ. ದಿನಕ್ಕೊಂದರಂತೆ 180 ದಿನ ಮಾತ್ರೆ ಎಂಬ ಸರ್ಕಾರದ ಕ್ರಮಕ್ಕೆ ಕಾರಣವಿದೆ.

ಹೈಸ್ಕೂಲು ಹುಡುಗಿಯರ ಮುಟ್ಟಿನ ಹೊಟ್ಟೆನೋವಿಗೆ ಕಿಬ್ಬೊಟ್ಟೆಯ ಮೇಲೆ ಬಿಸಿನೀರಿನ ಶಾಖ, ವಾರದಲ್ಲಿ ಮೂರು ದಿನ ಮುಕ್ಕಾಲು ಗಂಟೆಯ ಆಟವೋ ಓಟವೋ, ಎರಡೂ ಗುಣ ಕೊಡುತ್ತವೆ. ಎಸ್ಸೆಸ್ಸೆಲ್ಸಿ ಬಂದೊಡನೆ ಆಟದ ಪೀರಿಯಡ್ಡನ್ನು ಗಣಿತಕ್ಕೆ ಕೊಡುವ ಶಾಲೆಗಳು ಇದನ್ನು ಗಮನಿಸಲಿ. ಶಾಲೆ ತಪ್ಪಿಸುವಷ್ಟು ನೋವಿದ್ದರೆ ಮಾತ್ರ ಶಾಖದಲ್ಲೇ ದಿನ ದೂಡದೆ ವೈದ್ಯರಿಗೆ ತೋರಿಸಬೇಕು.

ಬಾಣಂತನದ ವಿಷಯದಲ್ಲಿ ನಮ್ಮ ಹಿರಿಯರಿಗೆ ಅರ್ಧ ಅಂಕ ಕೊಡುತ್ತೇನೆ. ತವರಿನ ಮೂರು ತಿಂಗಳ ಬಿಡುವು, ಎಣ್ಣೆನೀರು, ಸಬ್ಬಸಿಗೆ ಸೊಪ್ಪು, ಬೆಳ್ಳುಳ್ಳಿ, ಕೂಸಿಗೆ ಹಾಲೂಡುವುದನ್ನು ಪಕ್ಕದಲ್ಲಿ ಕೂತು ಹೇಳಿಕೊಡುವ ಅಜ್ಜಿ, ಇವೆಲ್ಲ ಯಾವ ಅಂಗಡಿಯಲ್ಲೂ ಸಿಗದ ಔಷಧಿ. ಅದೇ ಅಜ್ಜಿ ಬಾಣಂತಿಗೆ ನೀರು ಕುಡಿಯಬೇಡ, ಹಣ್ಣು ತಿನ್ನಬೇಡ ಎಂದಾಗ ಮಲಬದ್ಧತೆ ಶುರುವಾಗುತ್ತದೆ. ಕಿಟಕಿ ಮುಚ್ಚಿ ಹೊಗೆ ಹಾಕಿದಾಗ ಕೂಸು ಕೆಮ್ಮುತ್ತದೆ. ಇನ್ನು ಹೆರಿಗೆಯ ಹೊತ್ತಿನಲ್ಲಿ ಗುರುತಿನ ಹೆಂಗಸೊಬ್ಬಳು ಕೊನೆಯವರೆಗೂ ಜೊತೆಗಿದ್ದರೆ ಸಹಜ ಹೆರಿಗೆಯ ಸಾಧ್ಯತೆ ಹೆಚ್ಚುತ್ತದೆ, ನೋವಿನ ಅವಧಿಯೂ ತಗ್ಗುತ್ತದೆ. ಇದನ್ನು ವಿಶ್ವ ಆರೋಗ್ಯ ಸಂಸ್ಥೆಯೂ ಶಿಫಾರಸು ಮಾಡಿದೆ. ಅಮ್ಮನನ್ನು ಹೆರಿಗೆ ಕೋಣೆಯ ಬಾಗಿಲ ಹೊರಗೇ ನಿಲ್ಲಿಸುವ ಆಸ್ಪತ್ರೆಗಳು ಈಗಲೂ ಇವೆ.

ನನ್ನದೇ ಒಂದು ಸಂಗತಿ ಹೇಳಲು ಈ ವಯಸ್ಸಿನಲ್ಲಿ ಸಂಕೋಚವಿಲ್ಲ. ಎರಡನೆಯ ಹೆರಿಗೆಯ ಮೇಲೆ ಕೆಮ್ಮಿದರೆ, ಸೀನಿದರೆ ಸೀರೆ ಒದ್ದೆಯಾಗುತ್ತಿತ್ತು. ಮಳೆಗಾಲದ ನೆಗಡಿಯಲ್ಲಿ ಬಸ್ಸು ಹತ್ತಲು ಹೆದರುತ್ತಿದ್ದೆ. ಹಲವು ವರ್ಷ ಮುಚ್ಚಿಟ್ಟು ಕೊನೆಗೆ ಒಬ್ಬ ವೈದ್ಯರಿಗೆ ಹೇಳಿದಾಗ ಸಿಕ್ಕ ಉತ್ತರ, “ಮಕ್ಕಳಾದ ಮೇಲೆ ಇದೆಲ್ಲ ಮಾಮೂಲಿ, ತೀರಾ ಹೆಚ್ಚಾದರೆ ಆಪರೇಷನ್ ನೋಡೋಣ.” ಕಿಬ್ಬೊಟ್ಟೆಯ ತಳದ ಸ್ನಾಯುಗಳಿಗೆ ವ್ಯಾಯಾಮವಿದೆ ಎಂದು ಆರೋಗ್ಯ ಇಲಾಖೆಯಲ್ಲೇ ಇದ್ದ ನನಗೆ ತಿಳಿದದ್ದು ಐವತ್ತರ ಹತ್ತಿರದಲ್ಲಿ, ಒಬ್ಬ ಫಿಸಿಯೋಥೆರಪಿಸ್ಟಿನಿಂದ. ಆರ್ನಾಲ್ಡ್ ಕೆಗೆಲ್ ಎಂಬ ಅಮೆರಿಕದ ವೈದ್ಯರು ಅದನ್ನು 1948ರಲ್ಲೇ ವಿವರಿಸಿ ಬರೆದಿದ್ದರು! ಮಾಡುವ ಕ್ರಮ ಸುಲಭ. ಮೂತ್ರವನ್ನೂ ವಾಯುವನ್ನೂ ಒಟ್ಟಿಗೆ ತಡೆಯುವಂತೆ ಒಳಗಿನ ಸ್ನಾಯುವನ್ನು ಮೇಲಕ್ಕೆ ಬಿಗಿದು, ಐದು ಎಣಿಸಿ, ನಿಧಾನವಾಗಿ ಸಡಿಲಿಸುವುದು. ಹೊಟ್ಟೆ, ತೊಡೆ ಬಿಗಿಯಬಾರದು, ಉಸಿರು ಕಟ್ಟಬಾರದು. ಒಂದು ಸಲಕ್ಕೆ ಕನಿಷ್ಠ ಎಂಟು ಬಾರಿ, ದಿನಕ್ಕೆ ಮೂರು ಸಲ, ಕಡಿಮೆಯೆಂದರೂ ಮೂರು ತಿಂಗಳು. ಮೂತ್ರ ಮಾಡುತ್ತಿರುವಾಗಲೇ ತಡೆದು ಅಭ್ಯಾಸ ಮಾಡುವುದು ಒಳ್ಳೆಯದಲ್ಲ. ಸಕಲೇಶಪುರದ ಬಸ್ ನಿಲ್ದಾಣದ ಬೆಂಚಿನ ಮೇಲೆ ಕೂತು ನಾನು ಇದನ್ನು ಮಾಡಿದ್ದೇನೆ, ಪಕ್ಕದಲ್ಲಿದ್ದವರಿಗೆ ಗೊತ್ತೂ ಆಗಲಿಲ್ಲ. ನಾಲ್ಕನೆಯ ತಿಂಗಳಿಗೆ ಸೀನಿನ ಭಯ ಹೋಯಿತು.

ಮುಟ್ಟು ನಿಲ್ಲುವ ಕಾಲದ ಬಗ್ಗೆ ಒಂದು ಎಚ್ಚರಿಕೆ ಹೇಳದೆ ಇರಲಾರೆ. ಯೋಗ ಮಾಡಿದರೆ ಮೈಬಿಸಿ, ಬೆವರು ನಿಂತೇ ಹೋಗುತ್ತವೆ ಎಂದು ಮಾತು ಕೊಡುವವರಿದ್ದಾರೆ. ಯೋಗದಿಂದ ನಿದ್ದೆಗೆ, ಮನಸ್ಸಿಗೆ, ಕೀಲಿಗೆ ಒಳ್ಳೆಯದಾದೀತು; ಮೈಬಿಸಿಯನ್ನೇ ಅದು ತಡೆಯುತ್ತದೆ ಎನ್ನಲು ಗಟ್ಟಿ ಆಧಾರವಿಲ್ಲ. ಔಷಧಿಯಿಲ್ಲದ ದಾರಿಗಳಲ್ಲಿ ಅದಕ್ಕೆ ಆಧಾರವಿರುವುದು ಹೆಚ್ಚಾದ ತೂಕ ಇಳಿಸುವುದಕ್ಕೆ ಮತ್ತು ಮನಶ್ಶಾಸ್ತ್ರಜ್ಞರು ಕಲಿಸುವ ವರ್ತನಾ ಚಿಕಿತ್ಸೆಗೆ. ಮೂಳೆಗೆ ರಾಗಿ, ಎಳ್ಳು, ಮೊಸರು ಮತ್ತು ಮೈಯ ಭಾರ ಕಾಲಿನ ಮೇಲೆ ಬೀಳುವ ನಡಿಗೆಯಂಥ ಚಟುವಟಿಕೆ ಬೇಕು; 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಹನ್ನೆರಡು ತಿಂಗಳು ಮುಟ್ಟು ನಿಂತ ಮೇಲೆ ಮತ್ತೆ ಒಂದು ಹನಿ ರಕ್ತ ಕಂಡರೂ ಯಾವ ಕಷಾಯಕ್ಕೂ ಕಾಯದೆ ಆಸ್ಪತ್ರೆಗೆ ಹೋಗಬೇಕು. ಅದಕ್ಕೆ ಎದುರಾದ ಅತಿರೇಕವೂ ಇದೆ: ನಲವತ್ತು ತುಂಬುವ ಮೊದಲೇ “ಗರ್ಭಕೋಶ ತೆಗೆಸಿಬಿಟ್ಟರೆ ಕಾಟವೇ ಇಲ್ಲ” ಎನ್ನುವುದು. ಅನಗತ್ಯವಾಗಿ ಗರ್ಭಕೋಶ ತೆಗೆಯುವುದನ್ನು ತಡೆಯಲೆಂದೇ ಕೇಂದ್ರ ಆರೋಗ್ಯ ಸಚಿವಾಲಯ 2022ರಲ್ಲಿ ಮಾರ್ಗಸೂಚಿ ಹೊರಡಿಸಬೇಕಾಯಿತು ಎಂದರೆ ರೋಗ ಎಷ್ಟು ಹಬ್ಬಿತ್ತೆಂದು ಊಹಿಸಬಹುದು.

ಜಿಲ್ಲಾ ಆಡಳಿತಕ್ಕೂ ಬೆಳೆಗಾರ ಬಂಧುಗಳಿಗೂ ನನ್ನದು ಎರಡೇ ಕೋರಿಕೆ. ಕೂಸಿಗೆ ಆರು, ಹತ್ತು, ಹದಿನಾಲ್ಕನೆಯ ವಾರಗಳಲ್ಲಿ ಲಸಿಕೆ ಹಾಕಿಸಲು ತಾಯಿ ಹೇಗೂ ಆರೋಗ್ಯ ಕೇಂದ್ರಕ್ಕೆ ಬರುತ್ತಾಳೆ, ಲಸಿಕೆಯಾದ ಮೇಲೆ ಅರ್ಧ ಗಂಟೆ ಅಲ್ಲೇ ಕೂರುತ್ತಾಳೆ. ಆ ಅರ್ಧ ಗಂಟೆಯಲ್ಲಿ ಹತ್ತು ನಿಮಿಷ ತೆಗೆದು, ಮೇಲೆ ಹೇಳಿದ ವ್ಯಾಯಾಮವನ್ನು ಅವಳಿಗೆ ಕಲಿಸುವ ವ್ಯವಸ್ಥೆಯಾಗಲಿ. ಎರಡನೆಯದು, ಮುಂದಿನ ಕೊಯ್ಲು ಶುರುವಾಗುವ ಮೊದಲು ಪ್ರತಿ ತೋಟದಲ್ಲೂ ಆಳುಗಳು ಕೆಲಸ ಮಾಡುವ ಬೋರೆಯ ಹತ್ತಿರವೇ, ಬಂಗಲೆಯ ಹಿಂದೆ ಅಲ್ಲ, ನಾಲ್ಕು ತಗಡಿನ ಮರೆ, ಬಾಗಿಲಿಗೊಂದು ಚಿಲಕ, ಒಂದು ಡ್ರಮ್ಮು ನೀರು ಇರಲಿ.

ಇತಿ,
ನಿವೃತ್ತ ಆರೋಗ್ಯ ಸಹಾಯಕಿ,
ಸಕಲೇಶಪುರ ತಾಲ್ಲೂಕು, ಹಾಸನ ಜಿಲ್ಲೆ