ಬೂಟಿನ ವಯಸ್ಸು ಚರ್ಮದಲ್ಲಿ ಕಾಣುವುದಿಲ್ಲ

ಮಾನ್ಯ ಸಂಪಾದಕರೆ,

ಚಾರಣದ ಬೂಟುಗಳನ್ನು ಪರಿಚಯಿಸುವ ಲೇಖನಗಳು ಬಹುಪಾಲು ಮೂರು ಮಾತಿನ ಸುತ್ತಲೇ ತಿರುಗುತ್ತವೆ. ಕಾಲಿಗೆ ಏರಿಸಿದ ಕೂಡಲೇ ಮೆತ್ತಗೆ ಅನ್ನಿಸಿದರೆ ಅದು ಆರಾಮದ ಬೂಟು. ಚರ್ಮ ದಪ್ಪಗಿದ್ದರೆ ಬಾಳಿಕೆಯ ಬೂಟು. ಅಂಥದ್ದು ಸಿಕ್ಕರೆ ದಿನಬಳಕೆಯಲ್ಲಿ ಸವೆಸದೆ ದೊಡ್ಡ ಚಾರಣಕ್ಕೆಂದು ಜೋಪಾನವಾಗಿ ಎತ್ತಿಡಬೇಕು. ಮೊದಲಿನ ಎರಡು ಅರೆಸತ್ಯ. ಮೂರನೆಯದನ್ನು ಚಾಚೂ ತಪ್ಪದೆ ಪಾಲಿಸಿದವರು ಬೆಟ್ಟದ ನಡುದಾರಿಯಲ್ಲಿ ಅಟ್ಟೆ ಕಳಚಿಕೊಂಡು ಕೂರುವ ಸಂಭವವೇ ಹೆಚ್ಚು. ಬೂಟು ತಯಾರಾದ ತಿಂಗಳು, ವರ್ಷ ಮತ್ತು ಅದರ ಮಿಡ್‌ಸೋಲ್, ಅಂದರೆ ನಡು ಅಟ್ಟೆ, ಯಾವ ವಸ್ತುವಿನದು ಎಂಬುದನ್ನು ಕೊಳ್ಳುವವರ ಕಣ್ಣಿಗೆ ಬೀಳುವಂತೆ ನಮೂದಿಸಬೇಕು. ಈ ಬೇಡಿಕೆಗೆ ಪತ್ರಿಕೆಗಳೂ ದನಿಗೂಡಿಸಲಿ ಎಂದು ಈ ಪತ್ರ.

ಬೂಟಿನ ಅಡಿಭಾಗದಲ್ಲಿ ನೆಲಕ್ಕೆ ತಾಗುವುದು ರಬ್ಬರಿನ ಹೊರ ಅಟ್ಟೆ. ಪಾದದ ಕೆಳಗೆ, ಕೈಯಿಂದ ಎಳೆದು ತೆಗೆಯಲು ಬರುವುದು ಇನ್‌ಸೋಲ್. ಇವೆರಡರ ನಡುವೆ ಪೆಟ್ಟು ತಾಳಿಕೊಳ್ಳುವುದು ಮಿಡ್‌ಸೋಲ್. ಇದು ಸಾಮಾನ್ಯವಾಗಿ ಇವಿಎ ಇಲ್ಲವೇ ಪಾಲಿಯುರಿಥೇನ್ ಎಂಬ ಪ್ಲಾಸ್ಟಿಕ್ ನೊರೆಯಿಂದ (ಫೋಮ್) ಆಗಿರುತ್ತದೆ. ಇವಿಎ ಹಗುರ, ಮೊದಲ ದಿನದಿಂದಲೇ ಮೆತ್ತಗೆ. ಆದರೆ ತುಳಿದಂತೆಲ್ಲ ಅದರೊಳಗಿನ ಗಾಳಿಗುಳ್ಳೆಗಳು ಕುಸಿಯುತ್ತವೆ, ಕುಸಿದವು ಪೂರ್ತಿ ಮೇಲೇಳುವುದಿಲ್ಲ. ಹೊರಗೆ ಬೂಟು ಹೊಸದರಂತೆ ಕಂಡರೂ ಒಳಗೆ ಅದು ಚಪ್ಪಟೆ. ಪಾಲಿಯುರಿಥೇನ್ ತುಸು ಭಾರ, ತುಸು ಗಟ್ಟಿ. ಬೆನ್ನಿಗೆ ಹೊರೆ ಹೊತ್ತು ನಡೆದರೂ ಬೇಗ ಕುಗ್ಗದು. ಹೀಗಾಗಿ ದೂರದ ಚಾರಣದ ಬೂಟುಗಳಲ್ಲೂ ಬೇಟೆಯ ಬೂಟುಗಳಲ್ಲೂ ಅದಕ್ಕೆ ಬೇಡಿಕೆ.

ಪಾಲಿಯುರಿಥೇನಿಗೆ ತುಳಿತಕ್ಕಿಂತ ದೊಡ್ಡ ಶತ್ರು ತೇವ. ಗಾಳಿಯ ಪಸೆಯಲ್ಲಿರುವ ನೀರಿನ ಅಣುಗಳು ನೊರೆಯೊಳಗೆ ಇಳಿದು ಅದನ್ನು ಹಿಡಿದಿಟ್ಟಿರುವ ಎಸ್ಟರ್ ಎಂಬ ರಾಸಾಯನಿಕ ಬಂಧಗಳನ್ನು ಒಂದೊಂದಾಗಿ ಕಡಿಯುತ್ತವೆ. ಹೈಡ್ರಾಲಿಸಿಸ್ ಎಂಬ ಈ ಕ್ರಿಯೆ ಬೂಟು ಅಚ್ಚಿನಿಂದ ಹೊರಬಂದ ದಿನವೇ ಶುರುವಾಗುತ್ತದೆ, ನೀವು ಕೊಂಡ ದಿನವಲ್ಲ. ಸೆಕೆ ಹೆಚ್ಚಿದಷ್ಟೂ ವೇಗ ಹೆಚ್ಚು. ಐದರಿಂದ ಹತ್ತು ವರ್ಷಗಳಲ್ಲಿ, ಒಮ್ಮೆಯೂ ಕಾಲಿಗೆ ಹಾಕದ ಬೂಟಿನ ಮಿಡ್‌ಸೋಲ್ ಕೂಡ ಬಿರುಕು ಬಿಟ್ಟು ಪುಡಿಯಾಗಬಹುದು. ನಡೆಯುವಾಗ ನೊರೆ ಒತ್ತಿ ಬಿಡುತ್ತಾ ಒಳಗಿನ ತೇವವನ್ನು ಹೊರಗೆ ತಳ್ಳುವುದರಿಂದ, ಆಗಾಗ ಬಳಸುವ ಬೂಟು ಪೆಟ್ಟಿಗೆಯಲ್ಲಿಟ್ಟ ಬೂಟಿಗಿಂತ ಎಷ್ಟೋ ಸಲ ಹೆಚ್ಚು ಕಾಲ ಬಾಳುತ್ತದೆ. ಎತ್ತಿಡುವ ಸಲಹೆ ಅಪಾಯದ್ದು ಎಂದದ್ದು ಇದಕ್ಕೇ. ಎಸ್ಟರ್ ಬದಲು ಈಥರ್ ಬಂಧಗಳಿರುವ ಪಾಲಿಯುರಿಥೇನ್ ನೀರಿಗೆ ಇನ್ನಷ್ಟು ಕಾಲ ಮಣಿಯದೆ ನಿಲ್ಲುತ್ತದೆ. ಆದರೆ ಯಾವುದನ್ನು ಬಳಸಿದ್ದಾರೆ ಎಂದು ಬರೆದ ಚೀಟಿ ಬೂಟಿನ ಮೇಲೆ ಸಿಗುವುದು ಅಪರೂಪ.

ಹಳೆಯ ಬೂಟನ್ನು ಹೊರಗೆ ತೆಗೆದಾಗ ಮಾಡಬೇಕಾದ ಪರೀಕ್ಷೆ ಸುಲಭ. ಮಿಡ್‌ಸೋಲಿನ ಪಕ್ಕೆಯನ್ನು ಹೆಬ್ಬೆರಳಿನಿಂದ ಬಲವಾಗಿ ಒತ್ತಿ. ಒತ್ತಿದ ಗುಳಿ ತಿರುಗಿ ಮೇಲೆ ಬರಬೇಕು. ಆ ಜಾಗ ಅಂಟಂಟಾಗಿದ್ದರೆ, ಕೂದಲೆಳೆಯಂಥ ಬಿರುಕುಗಳಿದ್ದರೆ, ಉಗುರಿಗೆ ಪುಡಿ ಹತ್ತಿದರೆ ಅದರ ಆಯಸ್ಸು ಮುಗಿದಿದೆ. ಬಳಿಕ ಬೂಟನ್ನು ಬೆರಳುಗಳ ಬುಡದಲ್ಲಿ ಬಗ್ಗಿಸಿ, ರಬ್ಬರು ಮತ್ತು ನೊರೆ ಕೂಡುವ ಗೆರೆ ಬಾಯಿ ಬಿಡುತ್ತದೆಯೇ ನೋಡಿ. ಬಿಟ್ಟರೆ ಅಂಗಡಿಯ ಅಂಟು ತಂದು ಮೆತ್ತಿ ಪ್ರಯೋಜನವಿಲ್ಲ: ಅಂಟು ಹಿಡಿಯುವುದು ಪುಡಿಯಾದ ಮೇಲ್ಪದರವನ್ನು, ಆ ಪದರ ತನ್ನ ಕೆಳಗಿನದನ್ನು ಬಿಟ್ಟು ಬರುತ್ತದೆ. ನೊರೆ ಗಟ್ಟಿಯಾಗಿದ್ದು ಅಂಟು ಮಾತ್ರ ಸೋತಿದ್ದರೆ ದುರಸ್ತಿ ಸಾಧ್ಯ. ಎರಡೂ ಮೈಗಳ ಹಳೆಯ ಅಂಟನ್ನು ಉಜ್ಜಿ ತೆಗೆದು, ಮರಳುಕಾಗದದಿಂದ ಒರಟು ಮಾಡಿ, ಎರಡೂ ಕಡೆ ಕಾಂಟ್ಯಾಕ್ಟ್ ಸಿಮೆಂಟ್ ಎಂಬ ಅಂಟನ್ನು ತೆಳ್ಳಗೆ ಸವರಬೇಕು. ಡಬ್ಬಿಯ ಮೇಲೆ ಹೇಳಿದಷ್ಟು ಹೊತ್ತು, ಸಾಮಾನ್ಯವಾಗಿ ಹತ್ತು ಹದಿನೈದು ನಿಮಿಷ, ಆರಲು ಬಿಟ್ಟು ಆಮೇಲೆ ಒತ್ತಿ ಕೂಡಿಸಿ ಇಡೀ ದಿನ ಬಿಗಿದಿಡಬೇಕು. ಹಸಿಯಿದ್ದಾಗಲೇ ಒತ್ತುವ ಅವಸರವೇ ಮನೆಯ ದುರಸ್ತಿ ಕೈಕೊಡುವುದಕ್ಕೆ ಮೊದಲ ಕಾರಣ. ದಾರಿಯಲ್ಲೇ ಅಟ್ಟೆ ಕಳಚಿದರೆ ಅಗಲವಾದ ಬಟ್ಟೆಟೇಪು, ಕೇಬಲ್ ಟೈ ಅಥವಾ ಬೂಟಿನ ಕೆಳಗಿಂದ ಸುತ್ತಿ ಕಟ್ಟಿದ ಲೇಸು, ಇಷ್ಟರಲ್ಲಿ ಇಳಿದು ಬರಬಹುದು. ಏರಲು ಹೋಗಬಾರದು.

ಅಟ್ಟೆ ಬದಲಿಸಬಹುದೇ ಎಂಬುದನ್ನು ಬೂಟು ಕೊಳ್ಳುವಾಗಲೇ ಕೇಳಬೇಕು. ಮೇಲ್ಭಾಗದ ಚರ್ಮವನ್ನು ವೆಲ್ಟ್ ಎಂಬ ಸುತ್ತಂಚಿನ ಪಟ್ಟಿಗೆ ಹೊಲಿದ ಬೂಟಿನಲ್ಲಿ ಹೊಲಿಗೆ ಬಿಚ್ಚಿ ಹೊಸ ಅಟ್ಟೆ ಹೊಲಿಯಬಹುದು. ಚರ್ಮದ ಅಂಚನ್ನು ಹೊರಕ್ಕೆ ಮಡಚಿ ನೇರವಾಗಿ ಹೊಲಿದ ಬೂಟಿಗೂ ಇದೇ ಅನುಕೂಲ. ಅಂಟಿನಿಂದ ಕೂಡಿಸಿದ ಬೂಟುಗಳಲ್ಲಿ ಕೆಲವಕ್ಕೆ ಸಾಧ್ಯ, ಕೆಲವಕ್ಕೆ ಇಲ್ಲ. ಚರ್ಮದ ಮೇಲೆಯೇ ನೊರೆಯನ್ನು ಅಚ್ಚಿನಲ್ಲಿ ಸುರಿದು ತಯಾರಿಸಿದ ಬೂಟಿಗೆ ಅಟ್ಟೆ ಬದಲಿಸುವುದು ಬಹುತೇಕ ಆಗದ ಕೆಲಸ. ಹಾಗೆಂದು ಹೊಲಿಗೆಯೇ ಸರ್ವಶ್ರೇಷ್ಠವೆಂದು ಹೇಳುತ್ತಿಲ್ಲ: ಹೊಲಿದ ಬೂಟು ಭಾರ, ಹದಕ್ಕೆ ಬರಲು ಹೆಚ್ಚು ದಿನ ಬೇಕು. ವರ್ಷಕ್ಕೆ ಎರಡು ಸಣ್ಣ ಚಾರಣ ಮಾಡುವವರಿಗೆ ಅದು ಅತಿ. ಜೋಡಣೆ ಎಷ್ಟು ಮುಖ್ಯವೆಂಬುದಕ್ಕೆ ಬೇಟೆಯ ಬೂಟಿನ ಚರಿತ್ರೆಯಲ್ಲೇ ಸಾಕ್ಷಿ ಇದೆ. ಅಮೆರಿಕದ ಮೇಯ್ನ್ ರಾಜ್ಯದ ಎಲ್. ಎಲ್. ಬೀನ್ 1912ರಲ್ಲಿ ರಬ್ಬರಿನ ಅಡಿ, ಚರ್ಮದ ಮೇಲ್ಭಾಗ ಇರುವ ಬೇಟೆಯ ಬೂಟನ್ನು ಅಂಚೆಯ ಮೂಲಕ ಮಾರಿದಾಗ, ಮೊದಲ 100 ಜೊತೆಗಳಲ್ಲಿ 90 ವಾಪಸು ಬಂದವು. ಚರ್ಮವೂ ರಬ್ಬರೂ ಕೂಡಿದಲ್ಲೇ ಕಿತ್ತುಹೋಗಿತ್ತು. ಅವರು ಹಣ ಹಿಂದಿರುಗಿಸಿ, ಆ ಜೋಡಣೆಯನ್ನು ಸರಿಪಡಿಸಿ ಮತ್ತೆ ಮಾರುಕಟ್ಟೆಗೆ ತಂದರು.

ಇನ್ನು ಆರಾಮದ ಮಾತು. ಅಂಗಡಿಯ ನುಣುಪು ನೆಲದ ಮೇಲೆ ನಾಲ್ಕು ಹೆಜ್ಜೆ ಹಾಕಿದಾಗ ಸಿಗುವ ಮೆತ್ತನೆಯ ಅನುಭವಕ್ಕೂ, ಆರು ತಾಸು ಕಲ್ಲುದಾರಿ ತುಳಿದ ಪಾದದ ಸ್ಥಿತಿಗೂ ಸಂಬಂಧ ತೀರಾ ಕಡಿಮೆ. ಅತಿ ಮೆತ್ತಗಿನ ಅಡಿಯಲ್ಲಿ ಪ್ರತಿ ಚೂಪುಗಲ್ಲೂ ಪಾದಕ್ಕೆ ಮುಟ್ಟುತ್ತದೆ; ಪಾದದ ಸಣ್ಣ ಸ್ನಾಯುಗಳು ಸಮತೋಲಕ್ಕಾಗಿ ದಿನವಿಡೀ ದುಡಿದು ಸೋಲುತ್ತವೆ. ಒಂದು ಕೈಯಲ್ಲಿ ಹಿಮ್ಮಡಿ, ಇನ್ನೊಂದರಲ್ಲಿ ಮುಂತುದಿ ಹಿಡಿದು ಬೂಟನ್ನು ಬಟ್ಟೆ ಹಿಂಡುವಂತೆ ತಿರುಚಿ ನೋಡಿ. ಸಲೀಸಾಗಿ ತಿರುಚಿಕೊಂಡರೆ ಅದು ಸಮತಟ್ಟಾದ ಕಾಲುದಾರಿಗೆ ಮಾತ್ರ. ಒಳಗೆ ಅಡಿಯನ್ನು ಬಿಗಿಯಾಗಿಡುವ ನೈಲಾನ್ ಅಥವಾ ಉಕ್ಕಿನ ಪಟ್ಟಿ (ಶ್ಯಾಂಕ್) ಇದ್ದರೆ ತಿರುಚಲು ಬಲ ಬೇಕಾಗುತ್ತದೆ. ಹಿಮ್ಮಡಿಯ ಹಿಂಬದಿಯನ್ನು ಎರಡು ಬೆರಳಿನಿಂದ ಅದುಮಿದಾಗ ಅದು ಮಡಚಿಕೊಳ್ಳಬಾರದು. ಕಾಲು ಹೊರಳದಂತೆ ಹಿಡಿದಿಡುವಲ್ಲಿ ಬೂಟಿನ ಎತ್ತರಕ್ಕಿಂತ ಈ ಎರಡು ಗುಣಗಳನ್ನೇ ನಾನು ಹೆಚ್ಚು ನಂಬುತ್ತೇನೆ.

ಅಳತೆ ನೋಡುವುದು ಸಂಜೆ ಹೊತ್ತಿಗೆ ಇರಲಿ. ದಿನವಿಡೀ ಓಡಾಡಿದ ಪಾದ ಊದಿಕೊಂಡಿರುತ್ತದೆ, ಚಾರಣದಲ್ಲೂ ಹಾಗೇ ಆಗುತ್ತದೆ. ಚಾರಣದಲ್ಲಿ ಹಾಕುವ ಕಾಲುಚೀಲವನ್ನೇ ಹಾಕಿಕೊಂಡು ಹೋಗಿ. ಮೊದಲು ಇನ್‌ಸೋಲನ್ನು ಹೊರಗೆಳೆದು ನೆಲದ ಮೇಲಿಟ್ಟು ಅದರ ಮೇಲೆ ನಿಂತುಕೊಳ್ಳಿ: ಪಾದ ಪಕ್ಕದಿಂದ ಹೊರಚಾಚಬಾರದು, ಉದ್ದನೆಯ ಬೆರಳಿನ ಮುಂದೆ 10ರಿಂದ 12 ಮಿ.ಮೀ. ಖಾಲಿ ಇರಬೇಕು. ಬಳಿಕ ಲೇಸು ಕಟ್ಟದೆ ಪಾದವನ್ನು ಪೂರ್ತಿ ಮುಂದಕ್ಕೆ ತಳ್ಳಿದಾಗ ಹಿಮ್ಮಡಿಯ ಹಿಂದೆ ಒಂದು ಬೆರಳು ಇಳಿಯಬೇಕು. ಎರಡು ಬೆರಳು ಇಳಿದರೆ ದೊಡ್ಡದು. ಎರಡು ಪಾದಗಳ ಅಳತೆ ಒಂದೇ ಇರುವುದು ಅಪರೂಪ. ದೊಡ್ಡ ಪಾದಕ್ಕೆ ತಕ್ಕಂತೆ ಕೊಂಡು ಚಿಕ್ಕದರ ಬೂಟಿನೊಳಗೆ ತೆಳು ಇನ್‌ಸೋಲ್ ಸೇರಿಸಿ. ಹೆಚ್ಚಿನವರು ಮರೆಯುವ ಸಂಗತಿ ಇನ್ನೊಂದಿದೆ. ಹಿಮ್ಮಡಿಯಿಂದ ಹೆಬ್ಬೆರಳ ಬುಡದ ಗೆಣ್ಣಿನವರೆಗಿನ ಉದ್ದವೂ ಬೂಟು ಬಗ್ಗುವ ಜಾಗಕ್ಕೆ ಹೊಂದಬೇಕು. ಒಟ್ಟು ಉದ್ದ ಸರಿಯಿದ್ದು ಇದು ಹೊಂದದಿದ್ದರೆ ಬೂಟು ತಪ್ಪು ಜಾಗದಲ್ಲಿ ಮಡಚಿ, ಆ ಮಡಿಕೆ ಬೆರಳುಗಳ ಮೇಲೆ ಕಚ್ಚುತ್ತದೆ. ಕೊನೆಗೆ ಇಳಿಜಾರು ಹಲಗೆಯ ಮೇಲೆ ಇಳಿದು ನೋಡಿ. ಇಳಿಯುವಾಗ ಬೆರಳು ಮುಂದಕ್ಕೆ ಬಡಿದರೆ ಉಗುರು ಕಪ್ಪಾಗುವುದು ಖಚಿತ.

‘ಹಾಕುತ್ತಾ ಹಾಕುತ್ತಾ ಸರಿಹೋಗುತ್ತದೆ’ ಎಂಬ ಮಾತಿಗೆ ಮಿತಿ ಇದೆ. ಗಟ್ಟಿ ಚರ್ಮ ಪಾದದ ಆಕಾರಕ್ಕೆ ಬಗ್ಗುತ್ತದೆ, ಆರಂಭದಲ್ಲಿ ಹಿಮ್ಮಡಿ ನಾಲ್ಕೈದು ಮಿ.ಮೀ. ಏಳುವುದು ಕಡಿಮೆಯಾಗುತ್ತದೆ. ಎಲುಬಿನ ಉಬ್ಬಿಗೆ ಒಂದು ಕಡೆ ಒತ್ತುತ್ತಿದ್ದರೆ ದುರಸ್ತಿಗಾರರು ಆ ಜಾಗವನ್ನಷ್ಟೇ ಹಿಗ್ಗಿಸಬಲ್ಲರು. ಉದ್ದವನ್ನು ಮಾತ್ರ ಯಾರೂ ಹಿಗ್ಗಿಸಲಾರರು. ಮೊದಲ ವಾರ ಮನೆಯೊಳಗೆ ಒಂದೊಂದು ತಾಸು, ಆಮೇಲೆ ಸಣ್ಣ ನಡಿಗೆ, ಆಮೇಲೆ ಹೊರೆಯೊಂದಿಗೆ. ನೀರಲ್ಲಿ ನೆನೆಸಿ ಕಾಲಲ್ಲೇ ಒಣಗಿಸುವ ಹಳೆಯ ಉಪಾಯದಿಂದ ಅಂಟು, ಚರ್ಮ ಎರಡಕ್ಕೂ ಪೆಟ್ಟು.

ಬೊಬ್ಬೆಯ ಕಾರಣವನ್ನು ಬರೀ ‘ಉಜ್ಜುವಿಕೆ’ ಎಂದು ಬರೆಯುತ್ತಾರೆ. ತೇವಗೊಂಡ ತೊಗಲು ಕಾಲುಚೀಲಕ್ಕೆ ಅಂಟಿಕೊಂಡು ನಿಂತಿರುವಾಗ ಒಳಗಿನ ಎಲುಬು ಮಾತ್ರ ಹಿಂದೆ ಮುಂದೆ ಸರಿಯುತ್ತದೆ; ನಡುವಿನ ಪದರಗಳು ಎಳೆದಾಡಿ ಹರಿದು ಅಲ್ಲಿ ನೀರು ತುಂಬುತ್ತದೆ. ಹೀಗಾಗಿ ಬೆವರನ್ನು ಹೀರಿ ಹಾಗೇ ಹಿಡಿದಿಡುವ ಹತ್ತಿ ಕಾಲುಚೀಲ ಬೇಡ, ಉಣ್ಣೆಯದು ಇರಲಿ. ಅದರೊಳಗೆ ತೆಳುವಾದ ಇನ್ನೊಂದು ಕಾಲುಚೀಲ ಹಾಕಿದರೆ ಆ ಸರಿದಾಟ ಎರಡು ಬಟ್ಟೆಗಳ ನಡುವೆ ನಡೆದುಹೋಗುತ್ತದೆ. ಎಲ್ಲಾದರೂ ಬಿಸಿ ತಾಕಿದಂತೆ ಅನ್ನಿಸಿದ ಕೂಡಲೇ ನಿಂತು ಟೇಪು ಹಚ್ಚಬೇಕು. ಲೇಸನ್ನು ಕಣಕಾಲು ಬಾಗುವಲ್ಲಿ ಎರಡು ಸುತ್ತು ಹಾಕಿ ಬಿಗಿದರೆ ಕೆಳಗಿನ ಬಿಗಿ ಮೇಲಿನದರಿಂದ ಬೇರೆಯಾಗುತ್ತದೆ. ಏರುವಾಗ ಮೇಲಿನ ಕೊಕ್ಕೆಗಳನ್ನು ಸಡಿಲಿಸಿ, ಇಳಿಯುವಾಗ ಬಿಗಿಮಾಡಿ. ಪಾದದ ಮೇಲೆ ಎಲ್ಲಾದರೂ ಒತ್ತಿದರೆ ಅಲ್ಲಿನ ಒಂದು ಜೊತೆ ಲೇಸಿನ ತೂತನ್ನು ಬಿಟ್ಟು ಲೇಸು ಪೋಣಿಸಿ.

ನೀರು ತಡೆಯುವ ಪೊರೆಯ ಬಗ್ಗೆ ಜಾಹೀರಾತು ಹೇಳದ್ದನ್ನು ಒಂದಿಷ್ಟು ಹೇಳಬೇಕು. ಗೋರ್‌ಟೆಕ್ಸ್‌ನಂಥ ಪೊರೆಯಲ್ಲಿ ನೀರಿನ ಹನಿ ನುಸುಳದ, ಆವಿ ನುಸುಳುವ ಸೂಕ್ಷ್ಮ ರಂಧ್ರಗಳಿರುತ್ತವೆ. ಆವಿ ಹೊರಹೋಗಬೇಕಾದರೆ ಬೂಟಿನ ಒಳಗಿನ ತೇವ ಹೊರಗಿಗಿಂತ ಹೆಚ್ಚಿರಬೇಕು. ಸೆಕೆಯ, ಪಸೆಯ ಹವೆಯಲ್ಲಿ ಈ ಅಂತರ ತೀರಾ ಕಡಿಮೆ. ಹೊರಗಿಂದ ಒದ್ದೆಯಾಗದ ಕಾಲು ಬೆವರಿನಿಂದ ಒದ್ದೆಯಾಗುತ್ತದೆ. ತೊರೆ ದಾಟುವಾಗ ಮೇಲಿನಿಂದ ನೀರು ಹೊಕ್ಕರೆ ಅದೇ ಪೊರೆ ನೀರನ್ನು ಹೊರಗೆ ಬಿಡುವುದಿಲ್ಲ, ಬೂಟು ಒಣಗಲು ದಿನಗಳೇ ಬೇಕು. ಪೊರೆ ಮೊದಲು ಹರಿಯುವುದು ಹಿಮ್ಮಡಿಯ ಬಳಿ ಮತ್ತು ಬೆರಳು ಮಡಚುವಲ್ಲಿ, ಹೆಚ್ಚಾಗಿ ಒಳಗೆ ಸೇರಿದ ಮರಳಿನಿಂದ. ತೊರೆಗಳನ್ನು ಪದೇ ಪದೇ ದಾಟುವ ಬಿಸಿಲುನಾಡಿನ ದಾರಿಗೆ ಪೊರೆ ಇಲ್ಲದ, ಬೇಗ ಒಣಗುವ ಬೂಟೇ ವಾಸಿ.

ಬೇಟೆಯ ಬೂಟುಗಳಲ್ಲಿ 200, 400, 800 ಗ್ರಾಂ ಎಂದು ಬರೆದಿರುವುದು ಬೂಟಿನ ತೂಕವಲ್ಲ. ಒಳಗಿನ ಬೆಚ್ಚನೆಯ ಪದರ ಒಂದು ಚದರ ಮೀಟರಿಗೆ ಎಷ್ಟು ತೂಗುತ್ತದೆ ಎಂಬ ಲೆಕ್ಕ. ಚಳಿಯಲ್ಲಿ ಒಂದೇ ಕಡೆ ಅಲ್ಲಾಡದೆ ಕೂರುವವರಿಗೆ 800 ಸರಿ. ಅದನ್ನೇ ಹಾಕಿಕೊಂಡು ಗುಡ್ಡ ಹತ್ತಿದರೆ ಕಾಲು ಬೆವರಿ, ಕುಳಿತ ಮೇಲೆ ಆ ಬೆವರೇ ಕೊರೆಯುತ್ತದೆ. ಬಿಗಿ ಬೂಟಿನೊಳಗೆ ಎರಡನೆಯ ದಪ್ಪ ಕಾಲುಚೀಲ ತುರುಕಿದರೂ ಫಲ ಉಲ್ಟಾ: ರಕ್ತದ ಓಡಾಟ ಕುಗ್ಗಿ ಬೆರಳು ಇನ್ನಷ್ಟು ತಣ್ಣಗಾಗುತ್ತವೆ.

ಹೊರ ಅಟ್ಟೆಯಲ್ಲಿ ಮೆತ್ತನೆಯ ರಬ್ಬರು ಒದ್ದೆ ಬಂಡೆಯನ್ನು ಚೆನ್ನಾಗಿ ಹಿಡಿಯುತ್ತದೆ, ಬೇಗ ಸವೆಯುತ್ತದೆ. ಗಟ್ಟಿ ರಬ್ಬರು ಬಾಳುತ್ತದೆ, ಒದ್ದೆಯಲ್ಲಿ ಜಾರುತ್ತದೆ. ಎರಡೂ ಪೂರ್ತಿ ಸಿಗುವ ರಬ್ಬರಿಲ್ಲ.

ಆರೈಕೆಯಲ್ಲಿ ಕೆಡುವುದು ಹೆಚ್ಚಾಗಿ ಒಣಗಿಸುವಾಗ. ಬೆಂಕಿಯ ಪಕ್ಕ, ಹೀಟರಿನ ಮುಂದೆ, ಬಿಸಿಲಿಗೆ ನಿಲ್ಲಿಸಿದ ಕಾರಿನೊಳಗೆ ಇಟ್ಟರೆ ಅಂಟು ಸಡಿಲವಾಗುತ್ತದೆ, ಒದ್ದೆ ಚರ್ಮ ಕುಗ್ಗಿ ಬಿರುಸಾಗಿ ಮಡಿಕೆಗಳಲ್ಲಿ ಸೀಳುತ್ತದೆ. ಇನ್‌ಸೋಲ್ ತೆಗೆದು, ಲೇಸು ಸಡಿಲಿಸಿ, ಒಳಗೆ ಕಾಗದದ ಉಂಡೆ ತುಂಬಿ ನೆರಳಲ್ಲಿ ಇಡಿ. ಕಾಗದ ಒದ್ದೆಯಾದಂತೆ ಬದಲಿಸಿ. (ನಿಮ್ಮ ಪತ್ರಿಕೆಯ ಹಳೆಯ ಸಂಚಿಕೆಗಳು ಈ ಕೆಲಸಕ್ಕೆ ಚೆನ್ನಾಗಿ ಒದಗುತ್ತವೆ, ಬೇಸರವಿಲ್ಲ ತಾನೆ?) ಅದಕ್ಕೂ ಮೊದಲು ಕೆಸರು ತೊಳೆಯಬೇಕು. ಒಣಗಿದ ಕೆಸರು ಚರ್ಮದ ಜಿಡ್ಡನ್ನು ಹೀರುತ್ತದೆ, ಹೊಲಿಗೆಯಲ್ಲಿ ಸಿಕ್ಕಿದ ಮರಳು ಪ್ರತಿ ಹೆಜ್ಜೆಗೂ ದಾರವನ್ನು ಕೊಯ್ಯುತ್ತದೆ. ಬಟ್ಟೆ ಸೋಪಿನ ಪುಡಿ ಬೇಡ; ಅದರ ಶೇಷ ಉಳಿದಲ್ಲಿ ನೀರು ಮತ್ತೆ ಇಳಿಯುತ್ತದೆ. ನುಣುಪು ಚರ್ಮಕ್ಕೆ ಮೇಣವನ್ನು ತೆಳ್ಳಗೆ, ಮೊದಲು ಹೊಲಿಗೆಗಳ ಮೇಲೆ ಹಚ್ಚಿ. ನೂಬಕ್ ಮತ್ತು ಸ್ವೇಡ್ ಎಂಬ ಮಖಮಲ್ಲಿನಂಥ ಚರ್ಮಗಳಿಗೆ ನೀರು ತಡೆಯುವ ಸ್ಪ್ರೇ. ಹೆಚ್ಚು ಎಣ್ಣೆ ಕುಡಿಸಿದ ಚರ್ಮ ಸಡಿಲವಾಗಿ ಪಾದವನ್ನು ಹಿಡಿದಿಡುವುದನ್ನೇ ಬಿಡುತ್ತದೆ. ಎತ್ತಿಡುವಾಗ ಪ್ಲಾಸ್ಟಿಕ್ ಚೀಲ, ಮುಚ್ಚಿದ ಡಬ್ಬ ಬೇಡ. ಗಾಳಿಯಾಡುವ, ತಂಪಾದ, ಒಣ ಜಾಗ ಸಾಕು. ತಿಂಗಳಿಗೊಮ್ಮೆಯಾದರೂ ಹಾಕಿಕೊಂಡು ಒಂದು ಸುತ್ತು ನಡೆಯಿರಿ.

ಮತ್ತೆ ಬೇಡಿಕೆಯ ಮಾತಿಗೆ ಬರುತ್ತೇನೆ. ಕೆಲವು ತಯಾರಕರು ಲೇಸಿನಡಿಯ ನಾಲಿಗೆಯ ಒಳಬದಿಯ ಚೀಟಿಯಲ್ಲಿ ತಯಾರಿಕೆಯ ತಿಂಗಳನ್ನು ನಮೂದಿಸುತ್ತಾರೆ. ಕೆಲವರು ತಮಗೆ ಮಾತ್ರ ಅರ್ಥವಾಗುವ ಸಂಕೇತ ಹಾಕುತ್ತಾರೆ. ಭಾರಿ ರಿಯಾಯಿತಿಯಲ್ಲಿ ಸಿಗುವ ಪಾಲಿಯುರಿಥೇನ್ ಬೂಟು ನಾಲ್ಕು ವರ್ಷ ಗೋದಾಮಿನಲ್ಲಿ ಕುಳಿತದ್ದಾದರೆ, ಕೊಂಡವರಿಗೆ ದಕ್ಕುವುದು ಉಳಿದ ಆಯಸ್ಸು ಮಾತ್ರ. ವಾರಂಟಿ ಕೊಂಡ ದಿನದಿಂದ ಓಡಿದರೂ ನೊರೆಯ ಗಡಿಯಾರ ಅದಕ್ಕೂ ಮೊದಲೇ ಓಡಲು ತೊಡಗಿರುತ್ತದೆ. ಮುಂದೆ ನಿಮ್ಮ ಪುಟಗಳಲ್ಲಿ ಬೂಟಿನ ಪರಿಚಯ ಬಂದಾಗ ಬಣ್ಣ, ವಿನ್ಯಾಸಗಳ ಜೊತೆಗೆ ಮಿಡ್‌ಸೋಲ್ ಯಾವುದು, ಅಟ್ಟೆ ಬದಲಿಸಬಹುದೇ, ತಯಾರಿಕೆಯ ದಿನಾಂಕ ಎಲ್ಲಿ ಬರೆದಿದೆ, ತೂಕ ಯಾವ ಅಳತೆಯ ಎಷ್ಟು ಬೂಟಿನದು ಎಂಬುದನ್ನೂ ಲೇಖಕರಿಂದ ಕೇಳಿ ಬರೆಸಿ. ಕೊನೆಯದನ್ನು ಬೇಕೆಂದೇ ಸೇರಿಸಿದ್ದೇನೆ: ಒಂಟಿ ಬೂಟಿನ ತೂಕವನ್ನು ಜೊತೆಯ ತೂಕವೆಂದು ಓದಿಕೊಂಡು ಕೊಳ್ಳುವವರು ಕಡಿಮೆಯೇನಿಲ್ಲ.

ಇತಿ,
ಪತ್ರಿಕೆಯ ಒಬ್ಬ ಓದುಗ