ಜೀನ್ಸ್ ಹೊಲಿಯುವ ಊರಿನಲ್ಲಿ ಹದಿನಾಲ್ಕು ಸೂತ್ರಗಳು

ಮಾನ್ಯ ಸಂಪಾದಕರೇ,

ಬಳ್ಳಾರಿಯ ಜೀನ್ಸ್ ಯೂನಿಟ್ ಒಂದರಲ್ಲಿ ಹದಿನಾರು ವರ್ಷಗಳಿಂದ ಹೊಲಿಗೆ ಯಂತ್ರದ ಮುಂದೆ ಕುಳಿತಿದ್ದೇನೆ. ಪ್ಯಾಂಟಿಗೆ ಸೊಂಟದ ಪಟ್ಟಿ ಕೂಡಿಸುವುದು ನನ್ನ ಕೆಲಸ, ಕೂಲಿ ಪೀಸಿನ ಲೆಕ್ಕ. ಈಚೆಗೆ ಪಿಯು ಓದುವ ಮಗಳು ಕಾಲೇಜಿನಿಂದ ಒಂದು ಕರಪತ್ರ ತಂದಳು. ಹೆಣ್ಣುಮಕ್ಕಳ ಸುರಕ್ಷತೆಗೆ ಹದಿನಾಲ್ಕು ಸೂತ್ರಗಳಂತೆ. ನಾಲ್ಕನೆಯದು: ಜೀನ್ಸ್‌ನಂಥ ಬಿಗಿ ಉಡುಪು ತೊಡಬೇಡಿ. ಓದಿ ನಕ್ಕುಬಿಟ್ಟೆ. ಆ ಕಾಲೇಜಿನ ಎಷ್ಟೋ ಹುಡುಗಿಯರ ಶುಲ್ಕ ಹೋಗುವುದೇ ಈ ಪ್ಯಾಂಟುಗಳ ಕೂಲಿಯಿಂದ.

ನಗು ನಿಂತದ್ದು ಆರನೆಯದಕ್ಕೆ: ಕತ್ತಲಾದ ಮೇಲೆ ಹೊರಗೆ ಓಡಾಡಬೇಡಿ. ದೀಪಾವಳಿಯ ಆರ್ಡರ್ ಬಂದರೆ ನಾವು ಕೆಲಸ ಬಿಡುವುದೇ ರಾತ್ರಿ ಒಂಬತ್ತಕ್ಕೆ. ಹಗಲು ಕರೆಂಟ್ ಕೈಕೊಟ್ಟರೆ ಇನ್ನೂ ತಡ. ದೀಪವಿಲ್ಲದ ಗಲ್ಲಿಯಲ್ಲಿ ಮೂವರು ಕೂಡಿಕೊಂಡು ಮೊಬೈಲ್ ಬೆಳಕಿನಲ್ಲಿ ಮನೆ ಸೇರುತ್ತೇವೆ. ಬೀದಿದೀಪದ ಬಗ್ಗೆ ಕರಪತ್ರದಲ್ಲಿ ಒಂದಕ್ಷರವೂ ಇಲ್ಲ.

ಕಾಲೇಜಿನಲ್ಲಿ ಇದನ್ನು ಓದಿ ಹೇಳುವಾಗ ಹುಡುಗರು ಏನು ಮಾಡುತ್ತಿದ್ದರು ಎಂದು ಮಗಳನ್ನು ಕೇಳಿದೆ. "ಅವರನ್ನು ಆಟಕ್ಕೆ ಬಿಟ್ಟಿದ್ದರು ಅಮ್ಮಾ" ಎಂದಳು.

ನಿಮ್ಮ ಪತ್ರಿಕೆಯಲ್ಲಿ ಓದುಗರೊಬ್ಬರು ಇಂಥ ಬುದ್ಧಿಮಾತುಗಳ ಪರವಾಗಿ, "ಮನೆಗೆ ಬೀಗ ಹಾಕಿಕೊಳ್ಳಿ ಎಂದರೆ ಮನೆಯವರನ್ನು ಬೈದಂತೆಯೇ?" ಎಂದು ಬರೆದಿದ್ದರು. ಮಾತು ಸರಿಯೆನಿಸುತ್ತದೆ. ಆಟೊ ಹತ್ತಿದರೆ ನಂಬರ್ ಕಳುಹಿಸು ಎಂದು ನಾನೂ ಮಗಳಿಗೆ ಹೇಳುವವಳೇ. ಆದರೆ ಬೀಗದ ಕೈ ಇಟ್ಟುಕೊಂಡವನೇ ಕಳ್ಳನಾದರೆ? ಅತ್ಯಾಚಾರ ಪ್ರಕರಣಗಳಲ್ಲಿ ಹತ್ತಕ್ಕೆ ಒಂಬತ್ತಕ್ಕೂ ಹೆಚ್ಚು ಕಡೆ ಆರೋಪಿ ಸಂತ್ರಸ್ತೆಗೆ ಪರಿಚಿತನೇ ಆಗಿರುತ್ತಾನೆಂದು ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ವರ್ಷ ವರ್ಷವೂ ಹೇಳುತ್ತಿದೆ. ನನಗೆ ಅದನ್ನು ಬ್ಯೂರೊ ಹೇಳಬೇಕಿರಲಿಲ್ಲ. ಆಗ ನನಗೆ ಹತ್ತೊಂಬತ್ತು. ಅಕ್ಕನ ಮನೆಯ ಗೃಹಪ್ರವೇಶ. ಹಾಡಹಗಲು, ಮೈತುಂಬ ಸೀರೆ, ಮನೆ ತುಂಬ ಜನ. ಅಕ್ಕಿ ತರಲು ಉಗ್ರಾಣಕ್ಕೆ ಹೋದಾಗ ಹಿಂದಿನಿಂದ ಬಂದು ಬಾಗಿಲು ಹಾಕಿದವನು ನೆಂಟ. ಹದಿನಾಲ್ಕರಲ್ಲಿ ಒಂದು ಸೂತ್ರವನ್ನೂ ನಾನು ಮೀರಿರಲಿಲ್ಲ. ಅವ್ವನಿಗೆ ಹೇಳಿದೆ. "ಒಬ್ಬಳೇ ಯಾಕೆ ಒಳಗೆ ಹೋದೆ?" ಎಂದಳು. ಕೆಟ್ಟವಳಲ್ಲ, ಅಳುತ್ತಲೇ ಕೇಳಿದ್ದು. ಮುಂದಿನ ಮಾತು ಹೇಳಲು ನನಗೆ ಬಾಯಿ ಬರಲಿಲ್ಲ. ಇಪ್ಪತ್ತೆರಡು ವರ್ಷವಾಯಿತು.

ಇಷ್ಟಾದರೂ ನನ್ನ ನಾಲಗೆ ನೆಟ್ಟಗಾಗಿರಲಿಲ್ಲ. 2025ರ ಮಾರ್ಚ್ 6ರ ರಾತ್ರಿ ಕೊಪ್ಪಳ ಜಿಲ್ಲೆಯ ಸಣಾಪುರದ ಬಳಿ, ತುಂಗಭದ್ರಾ ಎಡದಂಡೆ ಕಾಲುವೆಯ ಪಕ್ಕದಲ್ಲಿ ಇಬ್ಬರು ಮಹಿಳೆಯರ ಮೇಲೆ ಅತ್ಯಾಚಾರವಾಯಿತು. ಜೊತೆಗಿದ್ದ ಮೂವರು ಗಂಡಸರನ್ನು ಕಾಲುವೆಗೆ ನೂಕಿದರು, ಅವರಲ್ಲೊಬ್ಬರು ಸತ್ತರು. ನಮ್ಮ ಯೂನಿಟ್‌ನಲ್ಲಿ ಚಹಾದ ಹೊತ್ತಿಗೆ ಆ ಸುದ್ದಿ ಬಂದಾಗ, "ಹೊತ್ತಲ್ಲದ ಹೊತ್ತಿನಲ್ಲಿ ಹೆಂಗಸರಿಗೆ ಅಲ್ಲೇನು ಕೆಲಸ?" ಎಂದು ಮೊದಲು ಕೇಳಿದವಳು ನಾನೇ. ನೀರುಪಾಲಾದ ಗಂಡಸಿಗೆ ಅಲ್ಲೇನು ಕೆಲಸವಿತ್ತೆಂದು ಮಾತ್ರ ನಮ್ಮಲ್ಲಿ ಯಾರೂ ಕೇಳಲಿಲ್ಲ. ಗಂಡಸರ ಜೊತೆಯಿಲ್ಲದೆ ಹೋಗಬೇಡಿ ಎನ್ನುವುದು ಕರಪತ್ರದ ಒಂಬತ್ತನೆಯ ಸೂತ್ರ. ಅಲ್ಲಿ ಮೂವರಿದ್ದರು.

ಕರಪತ್ರವನ್ನು ನೋಡುತ್ತಾ ಅವ್ವನ ಮಾತೂ ನನ್ನ ಮಾತೂ ನೆನಪಾದವು. ಒಂದೊಂದು ಸೂತ್ರದ ಹಿಂದೆ 'ಯಾಕೆ' ಸೇರಿಸಿ ನೋಡಿ. ಯಾಕೆ ಜೀನ್ಸ್ ತೊಟ್ಟೆ, ಯಾಕೆ ಕತ್ತಲಲ್ಲಿ ಹೋದೆ, ಯಾಕೆ ಒಬ್ಬಳೇ ಇದ್ದೆ. ಇವತ್ತಿನ ಬುದ್ಧಿಮಾತು ನಾಳೆ ಪಾಟಿ ಸವಾಲಾಗುತ್ತದೆ. ಒಂದು ಸೂತ್ರ ಮೀರಿದ ಹುಡುಗಿ, ತಪ್ಪು ತನ್ನದೇ ಎಂದುಕೊಂಡು ಬಾಯಿ ಹೊಲಿದುಕೊಳ್ಳುತ್ತಾಳೆ. ಅದರ ಲಾಭ ಯಾರಿಗೆ?

ಕಾಲೇಜನ್ನಷ್ಟೇ ಬೈಯುವುದಿಲ್ಲ. 2021ರ ಆಗಸ್ಟ್‌ನಲ್ಲಿ ಮೈಸೂರಿನಲ್ಲಿ ಸಾಮೂಹಿಕ ಅತ್ಯಾಚಾರ ನಡೆದಾಗ, ಸಂಜೆ ಆರೂವರೆಯ ನಂತರ ವಿದ್ಯಾರ್ಥಿನಿಯರು ಮಾನಸಗಂಗೋತ್ರಿಯಲ್ಲಿ ಒಬ್ಬರೇ ಓಡಾಡಬಾರದೆಂದು ವಿಶ್ವವಿದ್ಯಾಲಯವೇ ಸುತ್ತೋಲೆ ಹೊರಡಿಸಿತ್ತು. ಟೀಕೆ ಬಂದ ಮೇಲೆ ಹಿಂಪಡೆಯಿತು. ಅಷ್ಟು ಓದಿದವರೇ ಹಾಗೆ!

ಯೂನಿಟ್ ಪಕ್ಕದ ವಕೀಲರೊಬ್ಬರಿಗೆ ಕರಪತ್ರ ತೋರಿಸಿದೆ. ಅದರಲ್ಲಿ ಇಲ್ಲದ್ದನ್ನು ಅವರು ಹೇಳಿದರು. ಎದುರಿಸಿ ಹೋರಾಡಲಿಲ್ಲ ಎಂಬ ಒಂದೇ ಕಾರಣಕ್ಕೆ ಹೆಣ್ಣು ಒಪ್ಪಿದಳೆಂದು ತಿಳಿಯಬಾರದೆಂದು ಭಾರತೀಯ ನ್ಯಾಯ ಸಂಹಿತೆಯ 63ನೇ ಸೆಕ್ಷನ್ನಿನಲ್ಲೇ ಬರೆದಿದೆಯಂತೆ. ಕೃತ್ಯ ಎಲ್ಲಿ ನಡೆದಿದ್ದರೂ ದೂರನ್ನು ಯಾವ ಠಾಣೆಯಲ್ಲಾದರೂ ದಾಖಲಿಸಿಕೊಳ್ಳಬೇಕು. ಸರ್ಕಾರಿಯಾಗಲಿ ಖಾಸಗಿಯಾಗಲಿ, ಆಸ್ಪತ್ರೆ ತಕ್ಷಣ ಉಚಿತ ಚಿಕಿತ್ಸೆ ಕೊಡಲೇಬೇಕು. ಮಹಿಳಾ ಸಹಾಯವಾಣಿ 181, ಪೊಲೀಸರಿಗೆ 112. ಕರಪತ್ರದ ಹಿಂಬದಿ ಪೂರ್ತಿ ಖಾಲಿಯಿತ್ತು. ಇವೆಲ್ಲವನ್ನೂ ಅಲ್ಲಿ ಮಗಳ ಕೈಯಲ್ಲೇ ಬರೆಸಿ ಕಾಲೇಜಿಗೆ ವಾಪಸ್ ಕಳುಹಿಸಿದ್ದೇನೆ. ಮುಂದಿನ ಸಲ ಹುಡುಗರನ್ನೂ ಕೂರಿಸಿ ಎಂದೂ ಸೇರಿಸಿದೆ. ಉತ್ತರ ಬಂದಿಲ್ಲ.

ನನ್ನ ಹೆಸರು ಹಾಕಬೇಡಿ. ಆ ನೆಂಟ ಇನ್ನೂ ನಮ್ಮವರ ಮದುವೆಗಳಲ್ಲಿ ಮುಂದಿನ ಸಾಲಿನಲ್ಲಿ ಕೂರುತ್ತಾನೆ.

– ಹೊಲಿಗೆ ಕೆಲಸಗಾರ್ತಿ, ಕೌಲ್ ಬಜಾರ್, ಬಳ್ಳಾರಿ