ಆರಾಮಾಗಿದ್ದಾನೆ ಅಂತ ಪಂಪ್ ನಿಲ್ಲಿಸಬೇಡ

ತೀರ್ಥಹಳ್ಳಿ

ಪ್ರೀತಿಯ ಸುಮಾಗೆ ದೊಡ್ಡಮ್ಮ ಮಾಡುವ ಆಶೀರ್ವಾದಗಳು.

"ಪುಟ್ಟ ಈಗ ಆರಾಮಾಗಿದ್ದಾನೆ, ಬೆಳಗ್ಗೆ-ರಾತ್ರಿಯ ಉಬ್ಬಸದ ಪಂಪ್ (ಇನ್ಹೇಲರ್) ನಿಲ್ಲಿಸಿಬಿಟ್ಟೆ" ಅಂತ ಫೋನಿನಲ್ಲಿ ಅಂದೆಯಲ್ಲ, ಆವಾಗಿನಿಂದ ಸಮಾಧಾನವಿಲ್ಲ. ಫೋನಿನಲ್ಲಿ ಹೇಳಿದ್ದು ಅರ್ಧ ಮರೆತುಹೋಗುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ.

ಅವನು ಆರಾಮಾಗಿರುವುದೇ ಆ ಪಂಪಿನಿಂದ ಕಣೇ. ಉಬ್ಬಸ ಇರುವವರಿಗೆ ಕೆಮ್ಮು ಇಲ್ಲದ ದಿನವೂ ಉಸಿರಿನ ಕೊಳವೆಯ ಒಳಗೆ ಊತ ಇರುತ್ತದೆ. ನೀನು ನಿಲ್ಲಿಸಿದ ಪಂಪಿನಲ್ಲಿರುವ ಬುಡೆಸೊನೈಡ್ ಆ ಊತವನ್ನು ನಿಧಾನವಾಗಿ ಇಳಿಸುತ್ತದೆ, ಅದಕ್ಕೆ ದಿನವೂ ಬೇಕು. ಉಸಿರು ಕಟ್ಟಿದಾಗ ಕೊಡುವ ಇನ್ನೊಂದು ಪಂಪಿನ ಸಾಲ್ಬುಟಮಾಲ್ ಬಿಗಿದುಕೊಂಡ ಕೊಳವೆಯನ್ನು ಕೆಲವೇ ನಿಮಿಷದಲ್ಲಿ ಸಡಿಲಿಸುತ್ತದೆ, 4ರಿಂದ 6 ಗಂಟೆಗೆ ಅದರ ಕೆಲಸ ಮುಗಿಯಿತು. ಊತಕ್ಕೆ ಅದು ಏನೂ ಮಾಡುವುದಿಲ್ಲ. ಬಣ್ಣ ನೋಡಿ ಗುರುತಿಟ್ಟುಕೊಳ್ಳಬೇಡ, ಕಂಪನಿ ಬದಲಾದರೆ ಬಣ್ಣವೂ ಬದಲಾಗುತ್ತದೆ. ಡಬ್ಬಿಯ ಮೇಲಿನ ಹೆಸರು ಓದು. ಡೋಸ್ ಕಡಿಮೆ ಮಾಡುವುದಿದ್ದರೆ ಡಾಕ್ಟರೇ ಮಾಡಲಿ. ಸಾಮಾನ್ಯವಾಗಿ ಮೂರು ತಿಂಗಳಾದರೂ ಚೆನ್ನಾಗಿದ್ದ ಮೇಲೆ ಮಾಡುತ್ತಾರೆ.

ಪಂಪಿನ ಚಟ ಹತ್ತುತ್ತದೆ ಅಂತ ನಿಮ್ಮತ್ತೆ ಹೇಳುತ್ತಾರಂತೆ, ಹಾಗೇನೂ ಹತ್ತುವುದಿಲ್ಲ. ಅವರ ಜೊತೆ ವಾದ ಮಾಡಬೇಡ, ಮುಂದಿನ ಸಲ ಡಾಕ್ಟರ ಹತ್ತಿರ ಅವರನ್ನೂ ಕರೆದುಕೊಂಡು ಹೋಗು. ಬುಡೆಸೊನೈಡ್ ಸ್ಟೀರಾಯ್ಡ್ ಹೌದು, ಆದರೆ ಪಂಪಿನ ಡೋಸ್ ಮೈಕ್ರೋಗ್ರಾಂ ಲೆಕ್ಕದಲ್ಲಿ, ಸ್ಟೀರಾಯ್ಡ್ ಮಾತ್ರೆಯದು ಮಿಲಿಗ್ರಾಂ ಲೆಕ್ಕದಲ್ಲಿ. ಒಂದು ಮಿಲಿಗ್ರಾಂ ಅಂದರೆ 1000 ಮೈಕ್ರೋಗ್ರಾಂ. ವರ್ಷಗಟ್ಟಲೆ ತೆಗೆದುಕೊಂಡರೆ ಎತ್ತರ ಸುಮಾರು ಒಂದು ಸೆಂಟಿಮೀಟರ್ ಕಡಿಮೆಯಾಗಬಹುದು, ಅದನ್ನೂ ಮುಚ್ಚಿಡುವುದು ಬೇಡ. ಅದಕ್ಕಾಗಿ ರಾತ್ರಿಯೆಲ್ಲ ಮಗು ಕೂತು ಉಸಿರೆಳೆಯುವುದನ್ನು ನೋಡುವುದಾ? ಮೃಗಶಿರಕ್ಕೆ ಹೈದರಾಬಾದಿಗೆ ಹೋಗಿ ಮೀನು ನುಂಗಿಸಿ ಬನ್ನಿ ಅನ್ನುವವರೂ ಸಿಗುತ್ತಾರೆ. ಅದರಿಂದ ಉಬ್ಬಸ ಹೋಗುತ್ತದೆ ಅನ್ನುವುದಕ್ಕೆ ಯಾವ ಆಧಾರವೂ ಇಲ್ಲ. ಪುಟ್ಟನಂಥ ಮಗುವಿನ ಗಂಟಲಿಗೆ ಜೀವಂತ ಮೀನು ಇಳಿಸುವುದು ನನಗಂತೂ ಒಪ್ಪಿಗೆಯಿಲ್ಲ.

ನಿಮ್ಮ ದೊಡ್ಡಪ್ಪನ ಉಬ್ಬಸ ನೋಡುತ್ತಲೇ ವಯಸ್ಸಾದವಳು ನಾನು. ಔಷಧಿ ಸರಿಯಾಗಿದ್ದು, ಎಳೆದುಕೊಳ್ಳುವ ರೀತಿ ತಪ್ಪಾದರೂ ಪ್ರಯೋಜನವಿಲ್ಲ. ಪಂಪನ್ನು ಚೆನ್ನಾಗಿ ಅಲ್ಲಾಡಿಸು. ಸ್ಪೇಸರಿಗೆ (ಪಂಪಿಗೂ ಬಾಯಿಗೂ ನಡುವೆ ಹಿಡಿಯುವ ಪ್ಲಾಸ್ಟಿಕ್ ಕೊಳವೆ) ಸಿಕ್ಕಿಸಿ ಒಂದೇ ಪಫ್ ಒತ್ತು. ಅವನು ನಿಧಾನವಾಗಿ ಐದಾರು ಸಲ ಉಸಿರಾಡಲಿ. ಎರಡನೆಯದಕ್ಕೆ ಮತ್ತೆ ಅಲ್ಲಾಡಿಸು. ಎರಡನ್ನೂ ಒಟ್ಟಿಗೆ ಒತ್ತಿದರೆ ಔಷಧಿ ಸ್ಪೇಸರ್ ಗೋಡೆಗೇ ಅಂಟುತ್ತದೆ. ಆಮೇಲೆ ಬಾಯಿ ಮುಕ್ಕಳಿಸಿ ಉಗುಳಿಸು, ಇಲ್ಲದಿದ್ದರೆ ನಾಲಿಗೆ ಮೇಲೆ ಬಿಳಿ ಅಗ್ರ ಬರಬಹುದು. ಸ್ಪೇಸರನ್ನು ಸೋಪಿನ ನೀರಲ್ಲಿ ಅದ್ದಿ ತೆಗೆದು ಹಾಗೇ ಆರಲು ಬಿಡು. ಬಟ್ಟೆಯಲ್ಲಿ ಉಜ್ಜಿದರೆ ಒಳಗೆ ಸ್ಟ್ಯಾಟಿಕ್ (ಉಜ್ಜಿದಾಗ ಹುಟ್ಟುವ ವಿದ್ಯುತ್) ಹುಟ್ಟಿ ಔಷಧಿ ಮತ್ತೆ ಅಂಟಿಕೊಳ್ಳುತ್ತದೆ. ಡಬ್ಬಿ ಖಾಲಿಯಾಯಿತಾ ಅಂತ ನೀರಿನಲ್ಲಿ ತೇಲಿಸಿ ನೋಡುವ ಅಭ್ಯಾಸ ಸುಮ್ನೆ ದಂಡ. 200 ಪಫ್‌ನ ಡಬ್ಬಿಯಾದರೆ, ದಿನಕ್ಕೆ ನಾಲ್ಕರಂತೆ 50 ದಿನ. ಶುರು ಮಾಡಿದ ದಿನಾಂಕವನ್ನು ಡಬ್ಬಿಯ ಮೇಲೇ ಬರೆದಿಡು.

ಮನೆಯಲ್ಲಿ ಮೊದಲು ಹೊಗೆ ನಿಲ್ಲಿಸು. ಸೊಳ್ಳೆ ಕಾಯಿಲ್ ಬೇಡ, ಪರದೆ ಕಟ್ಟು. ಊದುಬತ್ತಿ, ಸಾಂಬ್ರಾಣಿ ಇಲ್ಲದೆಯೂ ದೇವರು ಪೂಜೆ ಒಪ್ಪಿಕೊಳ್ಳುತ್ತಾನೆ, ದೀಪ ಸಾಕು. ಒಣಮೆಣಸಿನಕಾಯಿ ಹುರಿಯುವಾಗ ಅವನನ್ನು ಆಚೆ ಕಳಿಸು. ನಿನ್ನ ಗಂಡ ಬಾಲ್ಕನಿಯಲ್ಲಿ ಸೇದಿದರೂ ಅಂಗಿಯಲ್ಲಿ ವಾಸನೆ ಒಳಗೆ ಬರುತ್ತದೆ, ಅಷ್ಟು ಹೇಳು ಅವರಿಗೆ. ಹಾಸಿಗೆ ಹೊದಿಕೆ, ದಿಂಬಿನ ಕವರ್ ವಾರಕ್ಕೊಮ್ಮೆ 60 ಡಿಗ್ರಿ ಬಿಸಿನೀರಲ್ಲಿ ಒಗೆ, ಧೂಳಿನ ನುಸಿ ಸಾಯಲು ಅಷ್ಟು ಬಿಸಿ ಬೇಕು. ಪೊರಕೆಯಲ್ಲಿ ಧೂಳೆಬ್ಬಿಸುವ ಬದಲು ಒದ್ದೆ ಬಟ್ಟೆಯಲ್ಲಿ ಒರೆಸು. ಬಾಳೆಹಣ್ಣು, ಮೊಸರು ಎಲ್ಲ ಬಿಡಿಸಿ ಮಗುವನ್ನು ಒಣಗಿಸಬೇಡ. ತಿಂದಾಗ ಜಾಸ್ತಿಯಾಗುವುದು ಯಾವುದು ಅಂತ ನೋಡಿ ಅದೊಂದನ್ನು ಬಿಡಿಸಿದರೆ ಆಯಿತು. ಆಟವನ್ನೂ ನಿಲ್ಲಿಸಬೇಡ.

ಮಕ್ಕಳಿಗೆ ಉಬ್ಬಸ ಕೆರಳಿಸುವುದರಲ್ಲಿ ನೆಗಡಿಯೇ ಮುಂದು. ವರ್ಷಕ್ಕೊಂದು ಫ್ಲೂ ಲಸಿಕೆ ಹಾಕಿಸು. ವಾರದಲ್ಲಿ ಎರಡಕ್ಕಿಂತ ಜಾಸ್ತಿ ಸಲ ಸಾಲ್ಬುಟಮಾಲ್ ಬೇಕಾದರೆ, ಅಥವಾ ರಾತ್ರಿ ಕೆಮ್ಮಿ ಎದ್ದರೆ, ರೋಗ ಹಿಡಿತದಲ್ಲಿಲ್ಲ ಅಂತ ಅರ್ಥ. ಡಾಕ್ಟರಿಗೆ ತೋರಿಸು.

ಅಟ್ಯಾಕ್ ಬಂದರೆ ಮಲಗಿಸಬೇಡ, ನೆಟ್ಟಗೆ ಕೂರಿಸು. ಸಾಲ್ಬುಟಮಾಲ್ ನಾಲ್ಕು ಪಫ್, ಒಂದೊಂದಾಗಿ. 4 ನಿಮಿಷ ಕಾದು ನೋಡಿ, ಇಳಿಯದಿದ್ದರೆ ಇನ್ನೂ ನಾಲ್ಕು ಕೊಡು. ಆಗಲೂ ಇಳಿಯದಿದ್ದರೆ 108ಕ್ಕೆ ಫೋನ್ ಮಾಡು, ಗಾಡಿ ಬರುವವರೆಗೂ ಹೀಗೆಯೇ ಕೊಡುತ್ತಿರು. ಪಕ್ಕೆ ಒಳಗೆ ಎಳೆಯುತ್ತಿದ್ದರೆ, ಒಂದು ವಾಕ್ಯ ಪೂರ್ತಿ ಮಾತಾಡಲು ಆಗದಿದ್ದರೆ, ತುಟಿ ನೀಲಿಯಾದರೆ ಮೊದಲೇ ಫೋನ್ ಮಾಡು. ಸುಯ್ ಸುಯ್ ಸದ್ದು ನಿಂತಿತು, ಆದರೆ ಮಗು ಸುಸ್ತಾಗಿದ್ದಾನೆ ಅಂದರೆ ಅದು ಇನ್ನೂ ಕೆಟ್ಟದ್ದು, ಗಾಳಿಯೇ ಆಡುತ್ತಿಲ್ಲ ಅಂತ. ಪುಟ್ಟನಿಗೆ ಎಷ್ಟು ಪಫ್, ಎಷ್ಟು ಹೊತ್ತಿಗೆ ಅನ್ನುವುದನ್ನು ನಿಮ್ಮ ಡಾಕ್ಟರ ಕೈಯಲ್ಲೇ ಒಂದು ಚೀಟಿಯಲ್ಲಿ ಬರೆಸಿ ಫ್ರಿಜ್ಜಿಗೆ ಅಂಟಿಸು. ಇನ್ನೊಂದು ಪ್ರತಿ ಮತ್ತು ಒಂದು ಸಾಲ್ಬುಟಮಾಲ್ ಪಂಪ್ ಶಾಲೆಯ ಟೀಚರ ಹತ್ತಿರ ಇರಲಿ.

ದಸರಾ ರಜೆಗೆ ಬರುವಾಗ ಎರಡೂ ಪಂಪ್, ಸ್ಪೇಸರ್ ಕೈಚೀಲದಲ್ಲೇ ಇಟ್ಟುಕೋ, ಬಸ್ಸಿನ ಡಿಕ್ಕಿಗೆ ಹಾಕಬೇಡ. ನೀವಿರುವಷ್ಟು ದಿನ ಬಚ್ಚಲ ಒಲೆ ಹಚ್ಚುವುದಿಲ್ಲ, ಗೀಸರ್ ರಿಪೇರಿ ಮಾಡಿಸಿದ್ದಾರೆ ದೊಡ್ಡಪ್ಪ.

ನಿನ್ನ ದೊಡ್ಡಮ್ಮ